ಪರವಾನಗಿ ಬಂದೂಕುಗಳಲ್ಲಿ ಮದ್ದಿನ ಪ್ರಮಾಣ ಮತ್ತು ತೋಟಾದ ಉದ್ದ: ಸುರಕ್ಷತಾ ಮಾಹಿತಿ

(ಶಸ್ತ್ರಾಸ್ತ್ರ ಪರವಾನಗಿದಾರರು ಹಾಗೂ ಹೊಸ ಪರವಾನಗಿಗೆ ಅರ್ಜಿ ಸಲ್ಲಿಸುವವರ ತಿಳುವಳಿಕೆಗಾಗಿ)

ಪೀಠಿಕೆ

ರಾಜ್ಯದ ಮಲೆನಾಡು, ಕರಾವಳಿ ಹಾಗೂ ಕೊಡಗು ಪ್ರದೇಶಗಳಲ್ಲಿ ಬೆಳೆ ರಕ್ಷಣೆಗಾಗಿ ಬಂದೂಕು ಹೊಂದಿರುವ ರೈತ ಕುಟುಂಬಗಳಿವೆ. ನಗರಗಳಲ್ಲಿ ಆತ್ಮರಕ್ಷಣೆಗಾಗಿ ರಿವಾಲ್ವರ್ ಅಥವಾ ಪಿಸ್ತೂಲು ಹೊಂದಿರುವವರಿದ್ದಾರೆ. ಗುರಿ ಸ್ಪರ್ಧೆಗಳಲ್ಲಿ ಭಾಗವಹಿಸುವ ಕ್ರೀಡಾಪಟುಗಳೂ ಇದ್ದಾರೆ. ಪರವಾನಗಿ ಪಡೆಯುವ ವಿಧಾನ, ಶುಲ್ಕ, ನವೀಕರಣ ಮುಂತಾದ ವಿಷಯಗಳ ಬಗ್ಗೆ ಇವರೆಲ್ಲರೂ ವಿಚಾರಿಸುವುದು ಸಾಮಾನ್ಯ. ಆದರೆ ಬಂದೂಕಿನೊಳಗೆ ಹಾಕುವ ಮದ್ದು ಎಷ್ಟಿರಬೇಕು, ತೋಟಾ ಎಷ್ಟು ಉದ್ದವಿರಬೇಕು ಎಂಬುದನ್ನು ವಿಚಾರಿಸುವವರು ವಿರಳ. ಬಂದೂಕು ಗುರಿಯ ಕಡೆಗೆ ಹಾರುವುದರ ಬದಲು ಹಿಡಿದವನ ಕೈಯಲ್ಲಿಯೇ ಸಿಡಿಯುವುದಕ್ಕೆ ಈ ಎರಡು ವಿಷಯಗಳಲ್ಲಿನ ತಪ್ಪು ತಿಳುವಳಿಕೆಯೇ ಮುಖ್ಯ ಕಾರಣಗಳಲ್ಲೊಂದು. ಹೀಗೆ ಸಿಡಿದಾಗ ಬೆರಳು, ಅಂಗೈ, ಕಣ್ಣು ಹಾಗೂ ಕೆಲವೊಮ್ಮೆ ಪ್ರಾಣವೇ ಹೋಗುತ್ತದೆ. ಪಕ್ಕದಲ್ಲಿ ನಿಂತವರಿಗೂ ಅಪಾಯವಾಗುತ್ತದೆ.

ಈ ಹಿನ್ನೆಲೆಯಲ್ಲಿ ಮದ್ದಿನ ಪ್ರಮಾಣ ಮತ್ತು ತೋಟಾದ ಉದ್ದಕ್ಕೂ ಬಂದೂಕಿನ ಸುರಕ್ಷತೆಗೂ ಇರುವ ಸಂಬಂಧವನ್ನು ಸರಳವಾಗಿ ವಿವರಿಸಲಾಗಿದೆ. ಪರವಾನಗಿದಾರರು ಪೂರ್ಣವಾಗಿ ಓದಿ, ಮನೆಯಲ್ಲಿ ಬಂದೂಕನ್ನು ಬಳಸುವ ಅಧಿಕಾರವುಳ್ಳ ಇತರರಿಗೂ ತಿಳಿಸತಕ್ಕದ್ದು.

1. ಒತ್ತಡವೇ ಮುಖ್ಯ ವಿಷಯ

ಬಂದೂಕಿನಲ್ಲಿ ಮದ್ದು ಉರಿದಾಗ ಅತ್ಯಲ್ಪ ಕಾಲದಲ್ಲಿ ಬಿಸಿ ಅನಿಲ ಉತ್ಪತ್ತಿಯಾಗುತ್ತದೆ. ಆ ಅನಿಲದ ಒತ್ತಡವೇ ಗುಂಡನ್ನು ಅಥವಾ ಚರೆಯನ್ನು ನಳಿಗೆಯಿಂದ ಹೊರಗೆ ತಳ್ಳುತ್ತದೆ. ಅದೇ ಒತ್ತಡವು ನಳಿಗೆಯ ಗೋಡೆಯ ಮೇಲೆ ಹಾಗೂ ಹಿಂಬದಿಯ ಮುಚ್ಚಳದ ಮೇಲೆಯೂ ಬೀಳುತ್ತದೆ. ತಯಾರಕರು ಪ್ರತಿಯೊಂದು ಬಂದೂಕನ್ನೂ ಒಂದು ನಿರ್ದಿಷ್ಟ ಮಿತಿಯ ಒತ್ತಡವನ್ನು ತಡೆಯುವಂತೆ ರೂಪಿಸಿರುತ್ತಾರೆ.

ಮನೆಗಳಲ್ಲಿ ಬಳಸುವ ಪ್ರೆಷರ್ ಕುಕ್ಕರಿನೊಳಗಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 15 ಪೌಂಡ್. ಅಮೆರಿಕದ ತಯಾರಕರ ಒಕ್ಕೂಟ ನಿಗದಿಪಡಿಸಿರುವ ಮಾನದಂಡದಂತೆ ಸಾಮಾನ್ಯ 12 ಬೋರ್ ತೋಟಾದ ಗರಿಷ್ಠ ಸರಾಸರಿ ಒತ್ತಡ ಚದರ ಅಂಗುಲಕ್ಕೆ 11,500 ಪೌಂಡ್. ಅಂದರೆ ಕುಕ್ಕರಿನ ಒತ್ತಡದ 750 ಪಟ್ಟಿಗೂ ಹೆಚ್ಚು. ಕೈತುಪಾಕಿಗಳಲ್ಲಿ ಈ ಮಿತಿ ಇನ್ನೂ ಹೆಚ್ಚು. ಅದೇ ಮಾನದಂಡದಲ್ಲಿ .32 ರಿವಾಲ್ವರಿನ ಉದ್ದ ತೋಟಾಕ್ಕೆ 15,000, .32 ಪಿಸ್ತೂಲಿನ ತೋಟಾಕ್ಕೆ 20,500 ಹಾಗೂ 9 ಮಿ.ಮೀ. ಪಿಸ್ತೂಲಿನ ತೋಟಾಕ್ಕೆ 35,000 ಪೌಂಡ್ ನಿಗದಿಯಾಗಿದೆ.

ಒತ್ತಡವು ಈ ಕೆಳಕಂಡ ಅಂಶಗಳನ್ನು ಅವಲಂಬಿಸಿರುತ್ತದೆ:

• ಮದ್ದಿನ ಜಾತಿ: ಕಪ್ಪು ಮದ್ದು ಅಥವಾ ಹೊಗೆರಹಿತ ಮದ್ದು
• ಮದ್ದಿನ ತೂಕ
• ಗುಂಡು ಅಥವಾ ಚರೆಯ ತೂಕ
• ಮದ್ದು ಉರಿಯಲು ದೊರೆಯುವ ಜಾಗ. ಇದನ್ನು ತೋಟಾದ ಉದ್ದ ಹಾಗೂ ಗುಂಡು ಕುಳಿತಿರುವ ಆಳ ನಿರ್ಧರಿಸುತ್ತವೆ
• ನಳಿಗೆಯಲ್ಲಿ ಇರಬಹುದಾದ ಅಡೆತಡೆ

ಮದ್ದನ್ನು ಎರಡು ಪಟ್ಟು ಮಾಡಿದರೆ ಒತ್ತಡವೂ ಕೇವಲ ಎರಡು ಪಟ್ಟಾಗುತ್ತದೆ ಎಂಬ ಭಾವನೆ ತಪ್ಪು. ಹೊಗೆರಹಿತ ಮದ್ದು ಒತ್ತಡ ಏರಿದಷ್ಟೂ ವೇಗವಾಗಿ ಉರಿಯುತ್ತದೆ. ವೇಗವಾಗಿ ಉರಿದಷ್ಟೂ ಒತ್ತಡ ಮತ್ತಷ್ಟು ಏರುತ್ತದೆ. ಆದ್ದರಿಂದ ಮದ್ದಿನಲ್ಲಾಗುವ ಸಣ್ಣ ಹೆಚ್ಚಳ ಅಥವಾ ಜಾಗದಲ್ಲಾಗುವ ಸಣ್ಣ ಕಡಿತವು ಒತ್ತಡದಲ್ಲಿ ದೊಡ್ಡ ಏರಿಕೆಯನ್ನು ಉಂಟುಮಾಡಬಲ್ಲದು. ಇದು ಕಣ್ಣಿಗೆ ಕಾಣುವುದಿಲ್ಲ. ಕಿವಿಗೂ ಯಾವಾಗಲೂ ತಿಳಿಯುವುದಿಲ್ಲ. "ಹಿಂದಿನ ಸಲ ಏನೂ ಆಗಲಿಲ್ಲ" ಎಂಬುದು ಸುರಕ್ಷತೆಗೆ ಆಧಾರವಲ್ಲ. ಮಿತಿ ಮೀರಿದ ಒಂದೊಂದು ಹೊಡೆತವೂ ಲೋಹವನ್ನು ದುರ್ಬಲಗೊಳಿಸುತ್ತದೆ. ಬಂದೂಕು ಸಿಡಿಯುವುದು ಹತ್ತನೆಯ ಹೊಡೆತದಲ್ಲಿ ಇರಬಹುದು.

2. ನಾಡ ಬಂದೂಕು: ಮದ್ದಿನ ಪ್ರಮಾಣ

ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ಗ್ರಾಮೀಣ ಭಾಗದಲ್ಲಿ ನಾಡ ಬಂದೂಕು ಅಥವಾ ಕೇಪಿನ ಕೋವಿ ಎಂದು, ಪರವಾನಗಿ ಪುಸ್ತಕದಲ್ಲಿ ಎಸ್.ಬಿ.ಎಂ.ಎಲ್. ಎಂದು ನಮೂದಿಸಲಾಗುತ್ತದೆ. ಇದರಲ್ಲಿ ಪ್ರತಿ ಹೊಡೆತಕ್ಕೂ ಮದ್ದನ್ನು ಅಳೆದು ಹಾಕುವವರು ಬಳಕೆದಾರರೇ ಆಗಿರುವುದರಿಂದ ತಪ್ಪಿನ ಸಂಭವವೂ ಇಲ್ಲಿಯೇ ಅಧಿಕ.

(ಅ) ಕಪ್ಪು ಮದ್ದನ್ನು ಮಾತ್ರ ಬಳಸತಕ್ಕದ್ದು. ತೋಟಾವನ್ನು ಬಿಚ್ಚಿ ಅದರಲ್ಲಿರುವ ಹೊಗೆರಹಿತ ಮದ್ದನ್ನು ನಾಡ ಬಂದೂಕಿಗೆ ಸುರಿಯುವುದು ಅತ್ಯಂತ ಅಪಾಯಕಾರಿ. ಅಳತೆಯ ಬಟ್ಟಲಿನಲ್ಲಿ ಎರಡೂ ಒಂದೇ ಮಟ್ಟಕ್ಕೆ ನಿಂತರೂ ಅವುಗಳ ಶಕ್ತಿ ಒಂದೇ ಅಲ್ಲ. ಪಟಾಕಿಯ ಮದ್ದು ಹಾಗೂ ಕಲ್ಲು ಸಿಡಿಸುವ ಸ್ಫೋಟಕಗಳ ವಿಷಯದಲ್ಲಿ ಅಪಾಯ ಮತ್ತಷ್ಟು ಹೆಚ್ಚು. ಇವು ಗುಂಡನ್ನು ತಳ್ಳಲು ತಯಾರಾದ ವಸ್ತುಗಳಲ್ಲ, ನಳಿಗೆಯನ್ನೇ ಒಡೆಯುತ್ತವೆ.

(ಆ) ಮದ್ದನ್ನು ನಿಗದಿತ ಅಳತೆಯ ಬಟ್ಟಲಿನಿಂದಲೇ ಹಾಕತಕ್ಕದ್ದು. ಅಂಗೈಯಲ್ಲಿ ಅಂದಾಜು ಮಾಡುವುದು, ಬೆರಳಿನ ಅಳತೆಯಿಂದ ತುಂಬುವುದು ಸಲ್ಲದು. ಮದ್ದಿನ ಡಬ್ಬಿಯಿಂದ ಅಥವಾ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಹಿಂದಿನ ಹೊಡೆತದ ಕಿಡಿ ನಳಿಗೆಯಲ್ಲಿ ಉಳಿದಿದ್ದರೆ ಕೈಯಲ್ಲಿರುವ ಡಬ್ಬಿಯೇ ಹೊತ್ತಿಕೊಳ್ಳುತ್ತದೆ.

(ಇ) ಗುಂಡು ಅಥವಾ ಚರೆಯು ಬೆಣೆಯೊಡನೆ ಮದ್ದಿಗೆ ತಾಗಿ ಕುಳಿತಿರತಕ್ಕದ್ದು. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದಲ್ಲಿ, ಅರ್ಧ ದಾರಿಯಲ್ಲಿ ನಿಂತ ಗುಂಡು ನಳಿಗೆಯ ಅಡೆತಡೆಯಾಗಿ ಪರಿಣಮಿಸಿ ಆ ಜಾಗದಲ್ಲಿ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ.

(ಈ) ಮದ್ದು ಬಿಗಿಯುವ ಸರಳಿನ ಮೇಲೆ ಎರಡು ಗುರುತುಗಳನ್ನು ಮಾಡಿಕೊಳ್ಳುವುದು. ಖಾಲಿ ನಳಿಗೆಯಲ್ಲಿ ಸರಳನ್ನು ಪೂರ್ತಿ ಇಳಿಸಿ ನಳಿಗೆಯ ಬಾಯಿಯ ಮಟ್ಟದಲ್ಲಿ ಮೊದಲ ಗುರುತು. ಸರಿಯಾದ ಪ್ರಮಾಣದಲ್ಲಿ ತುಂಬಿದ ನಂತರ ಎರಡನೆಯ ಗುರುತು. ಸರಳು ಮೊದಲ ಗುರುತಿನವರೆಗೆ ಇಳಿದರೆ ಬಂದೂಕು ಖಾಲಿ ಇದೆ. ಎರಡನೆಯ ಗುರುತಿಗೆ ನಿಂತರೆ ಒಂದು ಸಲ ತುಂಬಲಾಗಿದೆ. ಎರಡನೆಯ ಗುರುತೂ ನಳಿಗೆಯ ಹೊರಗೇ ಉಳಿದರೆ ಎರಡು ಸಲ ತುಂಬಲಾಗಿದೆ ಅಥವಾ ಗುಂಡು ನಡುವೆ ಸಿಕ್ಕಿಕೊಂಡಿದೆ. ಅಂತಹ ಬಂದೂಕನ್ನು ಯಾವ ಕಾರಣಕ್ಕೂ ಹಾರಿಸಬಾರದು. ಈ ಪರೀಕ್ಷೆಗೆ ಮೊದಲು ಕೇಪು ಇಲ್ಲವೆಂದು ನೋಡಿಕೊಳ್ಳತಕ್ಕದ್ದು ಹಾಗೂ ಮುಖವನ್ನಾಗಲೀ ದೇಹವನ್ನಾಗಲೀ ನಳಿಗೆಯ ನೇರಕ್ಕೆ ತರಬಾರದು.

(ಉ) ಎಲ್ಲಕ್ಕೂ ಕೊನೆಯಲ್ಲಿ, ಹಾರಿಸುವ ಸ್ಥಳದಲ್ಲಿಯೇ ಕೇಪು ಇಡತಕ್ಕದ್ದು.

ಒಂದು ಮನೆಯಲ್ಲಿ ಇಬ್ಬರು ಬಂದೂಕು ಬಳಸುವ ಸಂದರ್ಭವನ್ನು ಗಮನಿಸಬಹುದು. ಸಂಜೆ ಮದ್ದು ತುಂಬಿದ ತಂದೆ ಬಂದೂಕನ್ನು ಹಾರಿಸದೆ ಮೂಲೆಯಲ್ಲಿ ಒರಗಿಸುತ್ತಾರೆ. ರಾತ್ರಿ ಗದ್ದೆಗೆ ಹಂದಿ ಇಳಿದ ಸದ್ದು ಕೇಳಿ ಎದ್ದ ಮಗ, ಬಂದೂಕು ಖಾಲಿ ಇದೆಯೆಂದು ತಿಳಿದು ಮತ್ತೊಮ್ಮೆ ತುಂಬುತ್ತಾನೆ. ಹೊರಗಿನಿಂದ ನೋಡಿದವರಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಸರಳಿನ ಮೇಲಿನ ಗುರುತೊಂದೇ ಆ ಕತ್ತಲೆಯಲ್ಲಿ ನಿಜವನ್ನು ತಿಳಿಸಬಲ್ಲದು. ಆದ್ದರಿಂದ ನಾಡ ಬಂದೂಕನ್ನು ತುಂಬಿದ ಸ್ಥಿತಿಯಲ್ಲಿ ಮನೆಯಲ್ಲಿ ಇಡಬಾರದು.

3. ತೋಟಾ ಬಂದೂಕು: ಬೋರ್ ಮತ್ತು ಉದ್ದ

ಎಸ್.ಬಿ.ಬಿ.ಎಲ್. ಎಂದರೆ ಒಂಟಿ ನಳಿಗೆಯ, ಡಿ.ಬಿ.ಬಿ.ಎಲ್. ಎಂದರೆ ಜೋಡಿ ನಳಿಗೆಯ ತೋಟಾ ಬಂದೂಕು. ಇವುಗಳಲ್ಲಿ ಮದ್ದಿನ ಪ್ರಮಾಣವನ್ನು ಕಾರ್ಖಾನೆಯಲ್ಲಿಯೇ ನಿರ್ಧರಿಸಿರಲಾಗುತ್ತದೆ. ಪರವಾನಗಿದಾರರ ಜವಾಬ್ದಾರಿ ಎಂದರೆ ತಮ್ಮ ಬಂದೂಕಿಗೆ ಹೊಂದುವ ತೋಟಾವನ್ನು ಆಯ್ದುಕೊಳ್ಳುವುದು.

*ಬೋರ್:* ಒಂದು ಪೌಂಡ್ ಸೀಸವನ್ನು ಸಮನಾದ 12 ಗುಂಡುಗಳನ್ನಾಗಿ ಮಾಡಿದಾಗ ಒಂದು ಗುಂಡಿನ ವ್ಯಾಸ ಎಷ್ಟಾಗುವುದೋ ಅದೇ 12 ಬೋರ್, ಅಂದರೆ ಸುಮಾರು 18.5 ಮಿ.ಮೀ. 20 ಗುಂಡುಗಳನ್ನಾಗಿ ಮಾಡಿದರೆ 20 ಬೋರ್, ಸುಮಾರು 15.6 ಮಿ.ಮೀ. ಸಂಖ್ಯೆ ಹೆಚ್ಚಾದಷ್ಟೂ ನಳಿಗೆ ಕಿರಿದಾಗುತ್ತದೆ. 20 ಬೋರಿನ ತೋಟಾವನ್ನು 12 ಬೋರಿನ ಬಂದೂಕಿಗೆ ಹಾಕಿದರೆ ಅದು ಜಾರಿ ಮುಂದೆ ಹೋಗಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದಾಗ ಬಂದೂಕು ಖಾಲಿ ಇರುವಂತೆ ಕಾಣುವುದರಿಂದ ಬಳಕೆದಾರರು 12 ಬೋರಿನ ತೋಟಾ ಹಾಕಿ ಹಾರಿಸಿಬಿಡುತ್ತಾರೆ. ಆಗ ನಳಿಗೆಯು ಎಡಗೈ ಹಿಡಿದಿರುವ ಭಾಗದಲ್ಲಿ ಸಿಡಿಯುತ್ತದೆ. ಈ ಕಾರಣದಿಂದಲೇ 20 ಬೋರಿನ ತೋಟಾಗಳನ್ನು ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿ ತಯಾರಿಸುವ ರೂಢಿಯಿದೆ. ಎರಡು ಬೋರಿನ ತೋಟಾಗಳನ್ನು ಒಂದೇ ಜೇಬಿನಲ್ಲಾಗಲೀ ಒಂದೇ ಚೀಲದಲ್ಲಾಗಲೀ ಇಡಬಾರದು.

*ಉದ್ದ:* ತೋಟಾ ಕೂರುವ ನಳಿಗೆಯ ಹಿಂಭಾಗವನ್ನು ಚೇಂಬರ್ ಎನ್ನಲಾಗುತ್ತದೆ. 12 ಬೋರಿನ ಬಂದೂಕುಗಳಲ್ಲಿ ಚೇಂಬರ್ ಸಾಮಾನ್ಯವಾಗಿ 65 ಮಿ.ಮೀ. (ಎರಡೂವರೆ ಅಂಗುಲ), 70 ಮಿ.ಮೀ. (ಎರಡೂಮುಕ್ಕಾಲು ಅಂಗುಲ) ಅಥವಾ 76 ಮಿ.ಮೀ. (ಮೂರು ಅಂಗುಲ) ಉದ್ದವಿರುತ್ತದೆ. ತಾತ ಮುತ್ತಾತಂದಿರ ಕಾಲದಿಂದ ಬಂದಿರುವ ಇಂಗ್ಲಿಷ್ ಬಂದೂಕುಗಳಲ್ಲಿ 65 ಮಿ.ಮೀ. ಚೇಂಬರ್ ಇರುವುದು ಸಾಮಾನ್ಯ.

ಇಲ್ಲಿ ಬಹುತೇಕರು ಮೋಸ ಹೋಗುವ ಒಂದು ಅಂಶವಿದೆ. ತೋಟಾದ ಪೆಟ್ಟಿಗೆಯ ಮೇಲೆ ನಮೂದಿಸಿದ ಉದ್ದವು ಹಾರಿಸಿದ ನಂತರದ ಉದ್ದವೇ ಹೊರತು ಹಾರಿಸುವ ಮೊದಲಿನದಲ್ಲ. ತೋಟಾದ ಬಾಯಿಯನ್ನು ಒಳಕ್ಕೆ ಮಡಚಿ ಮುಚ್ಚಿರುವುದರಿಂದ 70 ಮಿ.ಮೀ. ತೋಟಾವು ಹಾರಿಸುವ ಮೊದಲು 60 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಆದ ಕಾರಣ ಅದು 65 ಮಿ.ಮೀ. ಚೇಂಬರಿನಲ್ಲಿ ಸಲೀಸಾಗಿ ಕೂರುತ್ತದೆ. ಬಂದೂಕು ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಆದರೆ ಹಾರಿಸಿದಾಗ ಮಡಿಕೆ ಬಿಚ್ಚಿಕೊಳ್ಳಲು ಚೇಂಬರಿನಲ್ಲಿ ಜಾಗ ಸಾಲದೆ, ನಳಿಗೆ ಕಿರಿದಾಗುವ ಭಾಗಕ್ಕೆ ಚಾಚಿಕೊಂಡು ಚರೆಯ ದಾರಿಯನ್ನು ಕಿರಿದುಗೊಳಿಸುತ್ತದೆ. ಇದರಿಂದ ಒತ್ತಡ ಮಿತಿಮೀರುತ್ತದೆ. "ಒಳಗೆ ಹೋಗುತ್ತದೆ, ಆದ್ದರಿಂದ ಸರಿಯಾಗಿದೆ" ಎಂಬ ತೀರ್ಮಾನ ಈ ಕಾರಣಕ್ಕಾಗಿ ತಪ್ಪು.

ನಿಯಮ ಸರಳವಾಗಿದೆ: ಚೇಂಬರಿಗಿಂತ ಉದ್ದನೆಯ ತೋಟಾವನ್ನು ಎಂದಿಗೂ ಬಳಸಬಾರದು. ಅಷ್ಟೇ ಉದ್ದದ ಅಥವಾ ಅದಕ್ಕಿಂತ ಗಿಡ್ಡನೆಯ ತೋಟಾ ಬಳಸಬಹುದು; ಆದರೆ ಅದರ ಒತ್ತಡವೂ ಬಂದೂಕಿನ ಪರೀಕ್ಷಾ ಮಿತಿಯೊಳಗೆ ಇರತಕ್ಕದ್ದು. ಚೇಂಬರಿನ ಉದ್ದವನ್ನು ನಳಿಗೆಯ ಕೆಳಭಾಗದಲ್ಲಿ ಅಥವಾ ಪಕ್ಕದಲ್ಲಿ, ಪರೀಕ್ಷಾ ಮುದ್ರೆಯ ಸಮೀಪ ಕೊರೆದಿರುವುದುಂಟು. ಗುರುತು ಅಳಿಸಿದ್ದಲ್ಲಿ ಪರವಾನಗಿ ಹೊಂದಿದ ಬಂದೂಕು ವ್ಯಾಪಾರಿ ಅಥವಾ ದುರಸ್ತಿದಾರರಿಂದ ಅಳತೆ ಮಾಡಿಸುವುದು.

*ಅಕ್ಷರಗಳ ಅರ್ಥ:* ತೋಟಾದ ಮೇಲಿನ ಎಲ್.ಜಿ., ಎಸ್.ಜಿ., ಬಿ.ಬಿ. ಎಂಬ ಅಕ್ಷರಗಳು ಚರೆಯ ಗಾತ್ರವನ್ನು ಸೂಚಿಸುತ್ತವೆ. ತೋಟಾದ ಉದ್ದಕ್ಕೂ ಇವುಗಳಿಗೂ ಸಂಬಂಧವಿಲ್ಲ. ಖರೀದಿಸುವಾಗ ಬೋರ್, ಉದ್ದ ಮತ್ತು ಚರೆಯ ಗಾತ್ರ ಈ ಮೂರನ್ನೂ ಪ್ರತ್ಯೇಕವಾಗಿ ಕೇಳತಕ್ಕದ್ದು.

*ಹಳೆಯ ನಳಿಗೆಗಳು:* ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ತಯಾರಿಸಿದ, ಮೇಲ್ಮೈಯಲ್ಲಿ ಅಲೆಯಂತಹ ಗೆರೆಗಳಿರುವ ಡಮಾಸ್ಕಸ್ ನಳಿಗೆಗಳು ಕಪ್ಪು ಮದ್ದಿನ ಕಾಲದವು. ತಜ್ಞರ ಪರೀಕ್ಷೆಯಿಲ್ಲದೆ ಇವುಗಳಲ್ಲಿ ಈಗಿನ ಹೊಗೆರಹಿತ ಮದ್ದಿನ ತೋಟಾಗಳನ್ನು ಹಾರಿಸಬಾರದು.

4. ರಿವಾಲ್ವರ್ ಮತ್ತು ಪಿಸ್ತೂಲು

ದೇಶದಲ್ಲಿ ನಾಗರಿಕರಿಗೆ ಲಭ್ಯವಿರುವ ಕೈತುಪಾಕಿಗಳಲ್ಲಿ .32 ಬೋರಿನವು ಪ್ರಮುಖ. ಆದರೆ .32 ರಿವಾಲ್ವರಿನ ತೋಟಾ ಹಾಗೂ .32 ಪಿಸ್ತೂಲಿನ ತೋಟಾ ಒಂದೇ ಅಲ್ಲ. ರಿವಾಲ್ವರಿನ ತೋಟಾದ ಹಿತ್ತಾಳೆ ಕೋಶವು ಸುಮಾರು 23 ಮಿ.ಮೀ., ಪಿಸ್ತೂಲಿನದು ಸುಮಾರು 17 ಮಿ.ಮೀ. ಉದ್ದವಿರುತ್ತದೆ. ಎರಡನ್ನೂ 7.65 ಮಿ.ಮೀ. ಎಂದು ಕರೆಯುವುದರಿಂದ ಗೊಂದಲ ಉಂಟಾಗುವುದು ಸಹಜ. ಮೇಲೆ ತಿಳಿಸಿದಂತೆ ಗಿಡ್ಡನೆಯ ಪಿಸ್ತೂಲಿನ ತೋಟಾದ ಒತ್ತಡದ ಮಿತಿಯೇ ಹೆಚ್ಚಿನದು. ಆದ್ದರಿಂದ ಅದು ರಿವಾಲ್ವರಿನೊಳಗೆ ಕುಳಿತರೂ ಹಾರಿಸಬಾರದು. ಪರವಾನಗಿ ಪುಸ್ತಕ, ಆಯುಧದ ಮೇಲಿನ ಬರಹ ಮತ್ತು ತೋಟಾದ ತಳದ ಬರಹ ಈ ಮೂರೂ ಹೊಂದಿಕೆಯಾಗತಕ್ಕದ್ದು.

*ಗುಂಡು ಒಳಸರಿಯುವುದು:* ಕೈತುಪಾಕಿಯ ತೋಟಾದ ಕೋಶ ಚಿಕ್ಕದು. ಗುಂಡಿನ ಬುಡದಿಂದ ಕೋಶದ ತಳದವರೆಗಿನ ಜಾಗವೇ ಮದ್ದು ಉರಿಯುವ ಜಾಗ. ಗುಂಡು ಒಂದು ಮಿಲಿಮೀಟರಿಗಿಂತ ಕಡಿಮೆ ಒಳಸರಿದರೂ ಆ ಜಾಗ ಗಮನಾರ್ಹವಾಗಿ ಕುಗ್ಗಿ ಒತ್ತಡ ಅಪಾಯದ ಮಟ್ಟಕ್ಕೆ ಏರಬಲ್ಲದು. 9 ಮಿ.ಮೀ. ಪಿಸ್ತೂಲಿನಂತಹ ಅಧಿಕ ಒತ್ತಡದ ತೋಟಾಗಳಲ್ಲಿ ಇದು ವಿಶೇಷವಾಗಿ ಗಂಭೀರ.

ಕಾರ್ಖಾನೆಯ ತೋಟಾಗಳಲ್ಲಿಯೂ ಹೀಗಾಗುವ ಸಂದರ್ಭವಿದೆ. ಆತ್ಮರಕ್ಷಣೆಗಾಗಿ ಪಿಸ್ತೂಲು ಹೊಂದಿದ ಕೆಲವರು ಪ್ರತಿ ರಾತ್ರಿ ಆಯುಧವನ್ನು ಖಾಲಿ ಮಾಡಿ ಬೆಳಿಗ್ಗೆ ಪುನಃ ತುಂಬುತ್ತಾರೆ. ಪ್ರತಿ ಸಲವೂ ಮ್ಯಾಗಜೀನಿನ ಮೇಲ್ತುದಿಯಲ್ಲಿರುವ ಅದೇ ತೋಟಾ ಚೇಂಬರಿಗೆ ಹೋಗುತ್ತದೆ. ಹೋಗುವಾಗ ಗುಂಡಿನ ಮೂತಿಗೆ ಪೆಟ್ಟು ಬಿದ್ದು ಅದು ಸ್ವಲ್ಪ ಸ್ವಲ್ಪವಾಗಿ ಒಳಸರಿಯುತ್ತದೆ. ಇದನ್ನು ತಪ್ಪಿಸಲು ತೋಟಾಗಳ ಸರದಿಯನ್ನು ಬದಲಿಸುತ್ತಿರುವುದು ಹಾಗೂ ಆಗಾಗ್ಗೆ ಹೊಸ ತೋಟಾದ ಪಕ್ಕದಲ್ಲಿ ನಿಲ್ಲಿಸಿ ಎತ್ತರ ಹೋಲಿಸುವುದು. ಗಿಡ್ಡನಾಗಿರುವ ತೋಟಾವನ್ನು ಬೇರ್ಪಡಿಸತಕ್ಕದ್ದು. ಇಕ್ಕಳದಿಂದ ಗುಂಡನ್ನು ಎಳೆದು ಸರಿಪಡಿಸುವ ಪ್ರಯತ್ನ ಮಾಡಬಾರದು.

ಉದ್ದ ಹೆಚ್ಚಾದರೂ ಅಪಾಯವೇ. ಗುಂಡು ಹೆಚ್ಚು ಹೊರಗಿದ್ದರೆ ಮ್ಯಾಗಜೀನಿನಲ್ಲಿ ಕೂರುವುದಿಲ್ಲ, ಅಥವಾ ನಳಿಗೆಯ ಸುರುಳಿ ಗೆರೆಗಳಿಗೆ ಮೊದಲೇ ತಾಗಿ ಒತ್ತಡ ಹೆಚ್ಚುತ್ತದೆ. ರಿವಾಲ್ವರಿನಲ್ಲಿ ಹೊಡೆತದ ಅದುರಿಗೆ ಉಳಿದ ತೋಟಾಗಳ ಗುಂಡು ಸಡಿಲಗೊಂಡು ಮುಂದೆ ಸರಿದರೆ ಉರುಳೆ ತಿರುಗದೆ ಸಿಕ್ಕಿಕೊಳ್ಳುತ್ತದೆ.

5. ಬಳಸಿದ ತೋಟಾಗಳಿಗೆ ಮರಳಿ ಮದ್ದು ತುಂಬುವುದು

ಆಯುಧ ಹೊಂದುವ ಪರವಾನಗಿಯು ಮದ್ದುಗುಂಡು ತಯಾರಿಸುವ ಪರವಾನಗಿಯಲ್ಲ. ಶಸ್ತ್ರಾಸ್ತ್ರ ಕಾಯ್ದೆ 1959ರ ಪ್ರಕರಣ 5ರಂತೆ ಮದ್ದುಗುಂಡು ತಯಾರಿಕೆಗೆ ಪ್ರತ್ಯೇಕ ಪರವಾನಗಿ ಅಗತ್ಯ. ಮದ್ದುಗುಂಡಿನ ಬಿಡಿಭಾಗಗಳು ಹಾಗೂ ಅದನ್ನು ತಯಾರಿಸುವ ಯಂತ್ರಗಳು ಸಹ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡು ಎಂದೇ ಪರಿಗಣಿತವಾಗಿವೆ. ಪ್ರಕರಣ 5ರ ಉಲ್ಲಂಘನೆಗೆ, 2019ರ ತಿದ್ದುಪಡಿಯ ನಂತರ, ಏಳು ವರ್ಷಗಳಿಗೆ ಕಡಿಮೆಯಿಲ್ಲದ ಹಾಗೂ ಜೀವಾವಧಿಯವರೆಗೆ ವಿಸ್ತರಿಸಬಹುದಾದ ಕಾರಾವಾಸ ಮತ್ತು ದಂಡ ವಿಧಿಸಬಹುದಾಗಿದೆ. ಆದ್ದರಿಂದ ಸಕ್ಷಮ ಪ್ರಾಧಿಕಾರದ ಲಿಖಿತ ಅನುಮತಿಯಿಲ್ಲದೆ ಯಾರೂ ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು.

ಅಮೆರಿಕದಂತಹ ದೇಶಗಳಲ್ಲಿ ಗುರಿಕಾರರು ಸ್ವಂತಕ್ಕೆ ತೋಟಾ ತುಂಬಿಕೊಳ್ಳುವ ರೂಢಿ ವ್ಯಾಪಕವಾಗಿದೆ. ಅಲ್ಲಿಯೂ ಪಾಲಿಸಲಾಗುವ ಎಚ್ಚರಿಕೆಗಳನ್ನು ಗಮನಿಸಿದರೆ, ಅಂದಾಜಿಗೆ ಇದರಲ್ಲಿ ಸ್ಥಾನವಿಲ್ಲವೆಂಬುದು ಸ್ಪಷ್ಟವಾಗುತ್ತದೆ:

• ಮದ್ದಿನ ತಯಾರಕರು ಪ್ರಕಟಿಸಿದ ಕೋಷ್ಟಕವನ್ನೇ ಅನುಸರಿಸಲಾಗುತ್ತದೆ. ಮದ್ದಿನ ಹೆಸರು, ಗುಂಡಿನ ತೂಕ ಮತ್ತು ಆಕಾರ, ಕೋಶ, ಕೇಪು, ತೋಟಾದ ಒಟ್ಟು ಉದ್ದ ಇವೆಲ್ಲವೂ ಕೋಷ್ಟಕದಲ್ಲಿರುವಂತೆಯೇ ಇರಬೇಕು. ಒಂದನ್ನು ಬದಲಿಸಿದರೂ ಆ ಪ್ರಮಾಣ ಅನ್ವಯಿಸುವುದಿಲ್ಲ.
• ಕೋಷ್ಟಕದ ಕನಿಷ್ಠ ಪ್ರಮಾಣದಿಂದ ಆರಂಭಿಸಲಾಗುತ್ತದೆ. ಗರಿಷ್ಠ ಪ್ರಮಾಣವು ತಲುಪಬೇಕಾದ ಗುರಿಯಲ್ಲ, ದಾಟಬಾರದ ಗಡಿ. ಕನಿಷ್ಠಕ್ಕಿಂತ ಕಡಿಮೆ ಮಾಡುವುದೂ ಸುರಕ್ಷಿತವಲ್ಲ. ಗುಂಡು ನಳಿಗೆಯಲ್ಲಿಯೇ ಉಳಿಯಬಹುದು.
• ಒಟ್ಟು ಉದ್ದವನ್ನು ವರ್ನಿಯರ್ ಕ್ಯಾಲಿಪರ್ಸ್‌ನಿಂದ ಅಳೆಯಲಾಗುತ್ತದೆ. ಕೋಷ್ಟಕದ ಉದ್ದಕ್ಕಿಂತ ಗಿಡ್ಡ ಮಾಡುವಂತಿಲ್ಲ.
• ಮೇಜಿನ ಮೇಲೆ ಒಂದೇ ಜಾತಿಯ ಮದ್ದು ಇರುತ್ತದೆ. ಕೈತುಪಾಕಿಯ ಅನೇಕ ಮದ್ದುಗಳು ಕೋಶದ ಅರ್ಧಭಾಗವನ್ನೂ ತುಂಬುವುದಿಲ್ಲವಾದ್ದರಿಂದ ಎರಡು ಸಲ ಸುರಿದರೂ ಹೊರಚೆಲ್ಲುವುದಿಲ್ಲ. ಆದ ಕಾರಣ ಗುಂಡು ಕೂರಿಸುವ ಮೊದಲು ಪ್ರತಿ ಕೋಶದೊಳಗೂ ಬೆಳಕು ಬಿಟ್ಟು ನೋಡಲಾಗುತ್ತದೆ.

ಕನ್ನಡದಲ್ಲಿ ಓದುವವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಮದ್ದಿನ ತೂಕದ ಕೋಷ್ಟಕಗಳು ಗ್ರೈನ್ ಎಂಬ ಮಾನದಲ್ಲಿರುತ್ತವೆ. ಗ್ರೈನ್ ಮತ್ತು ಗ್ರಾಂ ಬರಹದಲ್ಲಿ ಹತ್ತಿರ ಕಂಡರೂ, ಒಂದು ಗ್ರಾಂ ಎಂದರೆ 15.43 ಗ್ರೈನ್. ಒಂದನ್ನು ಮತ್ತೊಂದೆಂದು ಓದಿದರೆ ಮದ್ದು ಹದಿನೈದು ಪಟ್ಟಾಗುತ್ತದೆ.

ಇತರರು ತುಂಬಿದ, ಪೆಟ್ಟಿಗೆಯಿಲ್ಲದ, ಎಲ್ಲಿಂದ ಬಂದಿತೆಂದು ತಿಳಿಯದ ತೋಟಾವನ್ನು ಉಚಿತವಾಗಿ ಕೊಟ್ಟರೂ ಸ್ವೀಕರಿಸಬಾರದು. ಅದರೊಳಗೆ ಏನಿದೆ ಎಂಬುದನ್ನು ಹೊರಗಿನಿಂದ ಯಾರೂ ಹೇಳಲಾರರು.

6. ಗುಂಡು ಹಾರದಿದ್ದಲ್ಲಿ ಅಥವಾ ಸದ್ದು ಬದಲಾದಲ್ಲಿ

• ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದಲ್ಲಿ, ನಳಿಗೆಯನ್ನು ಸುರಕ್ಷಿತ ದಿಕ್ಕಿನಲ್ಲಿಯೇ ಹಿಡಿದು ತೋಟಾ ಬಂದೂಕಿನಲ್ಲಿ ಕನಿಷ್ಠ 30 ಸೆಕೆಂಡು, ನಾಡ ಬಂದೂಕಿನಲ್ಲಿ ಕನಿಷ್ಠ 2 ನಿಮಿಷ ಕಾಯತಕ್ಕದ್ದು. ತೇವಗೊಂಡ ಮದ್ದು ತಡವಾಗಿ ಹೊತ್ತಿಕೊಳ್ಳಬಹುದು.
• ಸದ್ದು ಅಥವಾ ಹಿಂದೊದೆತ ಎಂದಿಗಿಂತ ಕಡಿಮೆಯೆನಿಸಿದರೆ ಕೂಡಲೇ ನಿಲ್ಲಿಸತಕ್ಕದ್ದು. ಗುಂಡು ಅಥವಾ ಬೆಣೆ ನಳಿಗೆಯಲ್ಲಿ ಉಳಿದಿರಬಹುದು. ಅದರ ಹಿಂದೆ ಮತ್ತೊಂದು ಗುಂಡು ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಆಯುಧವನ್ನು ಖಾಲಿ ಮಾಡಿ, ಹಿಂಬದಿಯಿಂದ ಬೆಳಕು ಕಾಣುವುದೇ ಎಂದು ಪರಿಶೀಲಿಸುವುದು.
• ನಾಡ ಬಂದೂಕು ಹಾರದಿದ್ದಾಗ ಮೇಲೆ ಹೊಸದಾಗಿ ಮದ್ದು ಸುರಿಯಬಾರದು. ಪರವಾನಗಿ ಹೊಂದಿದ ದುರಸ್ತಿದಾರರಿಂದ ಖಾಲಿ ಮಾಡಿಸುವುದು.
• ಗಾಯವಾದಲ್ಲಿ 108 ಆಂಬುಲೆನ್ಸ್ ಅಥವಾ 112 ತುರ್ತು ಸಹಾಯವಾಣಿಗೆ ಕರೆ ಮಾಡುವುದು. ಕಾನೂನಿನ ಭಯದಿಂದ ಚಿಕಿತ್ಸೆಯನ್ನು ತಡಮಾಡಬಾರದು.

7. ಸಂಗ್ರಹಣೆ

ಮಲೆನಾಡಿನ ಮಳೆಗಾಲದ ತೇವವು ತೋಟಾ ಮತ್ತು ಮದ್ದು ಎರಡನ್ನೂ ಕೆಡಿಸುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ಒಣ ಸ್ಥಳದಲ್ಲಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡತಕ್ಕದ್ದು. ಆಯುಧ ಮತ್ತು ಮದ್ದುಗುಂಡು ಬೇರೆ ಬೇರೆ ಕಡೆ ಇರಲಿ. ಒದ್ದೆಯಾದ ಮದ್ದನ್ನು ಒಲೆಯ ಬಳಿ ಇಟ್ಟು ಒಣಗಿಸುವುದು ಅನಾಹುತಕ್ಕೆ ಆಹ್ವಾನ. ಉಬ್ಬಿದ, ಹಸಿರುಗಟ್ಟಿದ, ಬಿರುಕುಬಿಟ್ಟ ತೋಟಾಗಳನ್ನು ಬೆಂಕಿಗೆ, ಬಾವಿಗೆ ಅಥವಾ ಕಸಕ್ಕೆ ಹಾಕದೆ, ಪರವಾನಗಿ ಹೊಂದಿದ ವ್ಯಾಪಾರಿಯನ್ನು ಅಥವಾ ಸಮೀಪದ ಪೊಲೀಸ್ ಠಾಣೆಯನ್ನು ಸಂಪರ್ಕಿಸಿ ಒಪ್ಪಿಸುವುದು. ಕಪ್ಪು ಮದ್ದಿನ ಮಸಿ ತೇವವನ್ನು ಹೀರಿ ತುಕ್ಕು ಹಿಡಿಸುವುದರಿಂದ ಪ್ರತಿ ಬಳಕೆಯ ನಂತರ ಅದೇ ದಿನ ನಳಿಗೆಯನ್ನು ಸ್ವಚ್ಛಗೊಳಿಸತಕ್ಕದ್ದು; ತುಕ್ಕು ತಿಂದ ನಳಿಗೆ ಸರಿಯಾದ ಪ್ರಮಾಣದ ಮದ್ದನ್ನೂ ತಾಳಲಾರದು.

ಚುನಾವಣೆಯ ಸಂದರ್ಭದಲ್ಲಿ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕಾದಾಗ ಪೂರ್ಣವಾಗಿ ಖಾಲಿ ಮಾಡಿಯೇ ತರತಕ್ಕದ್ದು. ನಾಡ ಬಂದೂಕಿನವರು ಮನೆಯಿಂದ ಹೊರಡುವ ಮೊದಲು ಸರಳಿನ ಗುರುತನ್ನು ಪರಿಶೀಲಿಸುವುದು.

8. ಅರ್ಜಿದಾರರ ಗಮನಕ್ಕೆ

ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ ಹಾಗೂ ಜಿಲ್ಲಾ ದಂಡಾಧಿಕಾರಿಗಳು, ಪೊಲೀಸ್ ಕಮಿಷನರೇಟ್ ವ್ಯಾಪ್ತಿಯಲ್ಲಿ ಪೊಲೀಸ್ ಆಯುಕ್ತರು ಪರವಾನಗಿ ಪ್ರಾಧಿಕಾರಿಗಳಾಗಿರುತ್ತಾರೆ. ಶಸ್ತ್ರಾಸ್ತ್ರ ನಿಯಮಗಳು 2016ರಂತೆ ನಮೂನೆ ಎ-1ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಕಾಯ್ದೆಯ ಪ್ರಕರಣ 13ರಲ್ಲಿ ನೈಜ ಬೆಳೆ ರಕ್ಷಣೆಗೆ ನಾಡ ಬಂದೂಕನ್ನು ಹೆಸರಿಸಲಾಗಿದ್ದು, ಅದು ಸಾಲದೆಂದು ಪ್ರಾಧಿಕಾರಿಗೆ ಮನವರಿಕೆಯಾದಲ್ಲಿ ನಳಿಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ಇತರ ನುಣುಪು ನಳಿಗೆಯ ಬಂದೂಕಿಗೆ ಪರವಾನಗಿ ನೀಡಬಹುದಾಗಿದೆ. ಆದ್ದರಿಂದ ಯಾವ ಬಗೆಯ ಬಂದೂಕು ಬೇಕೆಂದು ಅರ್ಜಿಯಲ್ಲಿ ನಮೂದಿಸುವ ಮೊದಲು, ಅದಕ್ಕೆ ಮದ್ದು ತುಂಬುವ ವಿಧಾನವನ್ನು ತಾವು ತಿಳಿದಿರುವಿರೇ ಎಂಬುದನ್ನು ಯೋಚಿಸುವುದು ಒಳಿತು. ಸುರಕ್ಷತಾ ತರಬೇತಿಯನ್ನು ಪ್ರಮಾಣಪತ್ರಕ್ಕಾಗಿ ಮಾತ್ರ ಪಡೆಯದೆ, ಜಿಲ್ಲಾ ಪೊಲೀಸ್ ವತಿಯಿಂದ ನಡೆಯುವ ನಾಗರಿಕ ಬಂದೂಕು ತರಬೇತಿಯಂತಹ ಅವಕಾಶಗಳನ್ನು ಬಳಸಿಕೊಳ್ಳುವುದು.

ಕೊಡವ ಜನಾಂಗದವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಕೇಂದ್ರ ಸರ್ಕಾರದ 2019ರ ಅಧಿಸೂಚನೆಯಂತೆ 2029ರ ಅಕ್ಟೋಬರ್ 31ರವರೆಗೆ, ಅಧಿಸೂಚನೆಯ ಷರತ್ತುಗಳಿಗೊಳಪಟ್ಟು, ಪರವಾನಗಿಯಿಂದ ವಿನಾಯಿತಿ ಇದೆ. ಈ ವಿನಾಯಿತಿ ಪರವಾನಗಿಗೆ ಸಂಬಂಧಿಸಿದ್ದೇ ಹೊರತು ಮದ್ದಿನ ಒತ್ತಡಕ್ಕಲ್ಲ. ಕೈಲ್ ಮುಹೂರ್ತ, ಹುತ್ತರಿ ಹಬ್ಬಗಳಲ್ಲಿ ವರ್ಷಕ್ಕೊಮ್ಮೆ ಹೊರತೆಗೆಯುವ ಹಳೆಯ ಕೋವಿಗಳ ನಳಿಗೆ ಮತ್ತು ಚೇಂಬರನ್ನು ಮುಂಚಿತವಾಗಿ ಪರೀಕ್ಷಿಸಿಕೊಳ್ಳುವುದು ಅತ್ಯಗತ್ಯ.

9. ಸಾಮಾನ್ಯವಾಗಿ ಮೂಡುವ ಪ್ರಶ್ನೆಗಳು

*ಪ್ರಶ್ನೆ: ಹೆಚ್ಚು ಮದ್ದು ಹಾಕಿದರೆ ಗುಂಡು ಹೆಚ್ಚು ದೂರ ಹೋಗುವುದಿಲ್ಲವೇ?*
ಉತ್ತರ: ಒಂದು ಮಿತಿಯ ನಂತರ ಹೆಚ್ಚುವರಿ ಮದ್ದಿನಿಂದ ದೂರಕ್ಕಿಂತ ಒತ್ತಡವೇ ಏರುತ್ತದೆ. ನಾಡ ಬಂದೂಕಿನಲ್ಲಿ ಮದ್ದಿನ ಒಂದು ಭಾಗ ಉರಿಯದೆ ಹೊರಬೀಳುತ್ತದೆ, ಚರೆಯೂ ಚದುರುತ್ತದೆ.

*ಪ್ರಶ್ನೆ: ತಂದೆಯವರ ಹಳೆಯ ಬಂದೂಕು ನನ್ನ ಹೆಸರಿಗೆ ವರ್ಗವಾಗಿದೆ. ಅಂಗಡಿಯಲ್ಲಿ 70 ಮಿ.ಮೀ. ತೋಟಾ ಮಾತ್ರ ದೊರೆಯುತ್ತಿದೆ. ಬಳಸಬಹುದೇ?*
ಉತ್ತರ: ಚೇಂಬರಿನ ಉದ್ದವನ್ನು ಅಳತೆ ಮಾಡಿಸುವವರೆಗೆ ಬಳಸಬಾರದು. 65 ಮಿ.ಮೀ. ಎಂದು ಕಂಡುಬಂದಲ್ಲಿ ಆ ತೋಟಾ ಸಲ್ಲದು.

*ಪ್ರಶ್ನೆ: ಪರವಾನಗಿ ಇದ್ದರೆ ಬೆಳೆಗೆ ಬಂದ ಪ್ರಾಣಿಯನ್ನು ಕೊಲ್ಲಬಹುದೇ?*
ಉತ್ತರ: ಇಲ್ಲ. ಶಸ್ತ್ರಾಸ್ತ್ರ ಪರವಾನಗಿಯು ಬೇಟೆಯ ಅನುಮತಿಯಲ್ಲ. ವನ್ಯಜೀವಿ (ಸಂರಕ್ಷಣಾ) ಕಾಯ್ದೆ 1972 ಅನ್ವಯಿಸುತ್ತದೆ. ಅರಣ್ಯ ಇಲಾಖೆಯನ್ನು ಸಂಪರ್ಕಿಸುವುದು.

*ಪ್ರಶ್ನೆ: ಮದುವೆ ಸಮಾರಂಭದಲ್ಲಿ ಮದ್ದು ಮಾತ್ರ ತುಂಬಿ ಹಾರಿಸಬಹುದೇ?*
ಉತ್ತರ: ಗುಂಡಿಲ್ಲದಿದ್ದರೂ ಬೆಣೆ ಮತ್ತು ಬೆಂಕಿ ಹತ್ತಿರದವರನ್ನು ಗಾಯಗೊಳಿಸಬಲ್ಲವು. ಸಂಭ್ರಮಾಚರಣೆಯ ನೆಪದಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಸುರಕ್ಷತೆಗೆ ಧಕ್ಕೆ ತರುವುದು 2019ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಕಾರಾವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡಕ್ಕೂ ಗುರಿಯಾಗಬಹುದಾದ ಅಪರಾಧ.

ಕೊನೆಯದಾಗಿ

ಹಾರಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು: ಈ ಮದ್ದು ಈ ಬಂದೂಕಿಗೆ ಸಲ್ಲುವುದೇ? ಈ ತೋಟಾದ ಉದ್ದ ಈ ಚೇಂಬರಿಗೆ ಹೊಂದುವುದೇ? ನಳಿಗೆಯಲ್ಲಿ ಏನೂ ಇಲ್ಲವೆಂದು ನೋಡಲಾಗಿದೆಯೇ? ಮೂರಕ್ಕೂ ಖಚಿತ ಉತ್ತರವಿಲ್ಲದಿದ್ದಲ್ಲಿ ಬಂದೂಕನ್ನು ಕೆಳಗಿಡುವುದು. ಒಂದು ರಾತ್ರಿ ಹಾಳಾದ ಬೆಳೆ ಮರುವರ್ಷ ಬರುತ್ತದೆ. ಕಳೆದುಕೊಂಡ ಕೈ ಬರುವುದಿಲ್ಲ.

ಹೆಚ್ಚಿನ ಮಾಹಿತಿಗಾಗಿ ಆಯಾ ಜಿಲ್ಲಾಧಿಕಾರಿಗಳ ಕಚೇರಿಯ ಸಂಬಂಧಿಸಿದ ಶಾಖೆಯನ್ನು, ಕಮಿಷನರೇಟ್ ವ್ಯಾಪ್ತಿಯಲ್ಲಿ ಪೊಲೀಸ್ ಆಯುಕ್ತರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.

(ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ ನೀಡಲಾಗಿದೆ. ಕಾನೂನಿನ ವಿಷಯದಲ್ಲಿ ಕಾಯ್ದೆ ಹಾಗೂ ನಿಯಮಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ.)